ಕಣಗಿಲೆಯ ಗಿಡುಗ-ಪತಂಗ

ಮೈಸೂರಿನ ಮನೆಗಳ ಅಂಗಳದಲ್ಲಿ ಪೂಜೆಯ ಹೂವಿಗಾಗಿ ಬೆಳೆಸುವ ನಂದಿಬಟ್ಟಲಿನ ಕೊಂಬೆಯೊಂದು ಕೆಲವೇ ದಿನಗಳಲ್ಲಿ ಬೋಳಾಗಿಬಿಡುವುದುಂಟು. ಎಲೆಗಳ ನಡುವೆ ಎಷ್ಟು ಹುಡುಕಿದರೂ ಕಳ್ಳನು ಕಾಣಸಿಗನು. ಆಗ ನಾವು ನೆಲವನ್ನು ನೋಡಬೇಕು. ಅಲ್ಲಿ ಕಾಳುಮೆಣಸಿನ ಗಾತ್ರದ ಹಿಕ್ಕೆಗಳು ಬಿದ್ದಿದ್ದರೆ, ಅವುಗಳ ನೇರಕ್ಕೆ ಮೇಲಿನ ಕೊಂಬೆಯಲ್ಲಿ ಬೆರಳುದ್ದದ ಹಸುರು ಹುಳುವೊಂದನ್ನು ಹುಡುಕಬಹುದು.

ಇದರ ಮೈಮೇಲೆ ಕೂದಲಿಲ್ಲ, ಕಂಬಳಿಹುಳುವೆಂದು ಹೆದರಬೇಕಾದುದಿಲ್ಲ. ಹಿಂತುದಿಯಲ್ಲಿ ಕೊಂಬೊಂದಿದೆ, ಅದು ಚುಚ್ಚದು. ಗಿಡುಗ-ಪತಂಗಗಳ ಕುಟುಂಬದ ಬಹುಪಾಲು ಮರಿಹುಳುಗಳಿಗೆ ಈ ಕೊಂಬುಂಟು. ಆದುದರಿಂದ ಜಾತಿಯನ್ನು ತಿಳಿಯಲು ಅದೊಂದೇ ಸಾಲದು, ಪಕ್ಕೆಯನ್ನೂ ನೋಡಬೇಕು. ಎಳ್ಳಿನ ಗಿಡವನ್ನು ತಿನ್ನುವ ಇದರ ಬಂಧುವಿಗೆ ಪಕ್ಕೆಯಲ್ಲಿ ಓರೆಪಟ್ಟೆಗಳಿರುತ್ತವೆ. ನಮ್ಮ ಹುಳುವಿಗಾದರೋ ಮೈಯುದ್ದಕ್ಕೂ ಬಿಳಿಯ ಗೆರೆಯೊಂದು, ಅದರ ಸುತ್ತ ಬಿಳಿಯ ಚುಕ್ಕೆಗಳು. ತಲೆಯ ಹಿಂದೆ ಕಪ್ಪಂಚಿನ ಎರಡು ನೀಲಿ ಕಣ್ಣುಗಳು! ಅವು ನಿಜವಾದ ಕಣ್ಣುಗಳಲ್ಲ, ಬರಿಯ ಬಣ್ಣ. ಮುಟ್ಟಿದೊಡನೆ ಹುಳು ತಲೆಯನ್ನು ಒಳಕ್ಕೆಳೆದುಕೊಳ್ಳಲು ಆ ಭಾಗ ಉಬ್ಬಿ ದೊಡ್ಡ ಪ್ರಾಣಿಯೊಂದರ ಮುಖದಂತೆ ತೋರುವುದು.

ಕಣಗಿಲೆಯೂ ಇದರ ಆಹಾರ. ದನಕರುಗಳ ಪ್ರಾಣವನ್ನೇ ತೆಗೆಯಬಲ್ಲ ಆ ವಿಷದ ಎಲೆಯನ್ನು ಇದು ಮೆದ್ದು ಕೊಬ್ಬುವುದು. ಕಣಗಿಲೆಯ ಶಾಸ್ತ್ರೀಯ ನಾಮ ನೀರಿಯಂ. ಅದರಿಂದಲೇ ಲಿನೇಯಸನು 1758ರಲ್ಲಿ ಈ ಪತಂಗಕ್ಕೆ ಹೆಸರಿಟ್ಟನು. ಈಗಿನ ಹೆಸರು ಡಾಫ್ನಿಸ್ ನೀರಿಯೈ.

ಬಣ್ಣವನ್ನು ಮಾತ್ರ ನಂಬಿದವರು ಮೋಸಹೋಗುವರು. ಆಗತಾನೆ ಮೊಟ್ಟೆಯೊಡೆದು ಬಂದ ಮರಿ ಹಳದಿ, ಕೊಂಬು ಕಪ್ಪಾಗಿ ನೀಳವಾಗಿರುವುದು. ಬೆಳೆದ ಹುಳು ಹಸುರು, ಕೊಂಬು ಗಿಡ್ಡ. ಕೋಶ ಕಟ್ಟುವ ಮುನ್ನ ಅದೇ ಹುಳು ಕಂದುಬಣ್ಣಕ್ಕೆ ತಿರುಗಿ ನೆಲಕ್ಕಿಳಿದು ತರಗೆಲೆಗಳನ್ನು ಅರಸುವುದು. ಒಂದನ್ನೇ ಮೂರು ಬಾರಿ ಕಂಡವರು ಮೂರು ಜಾತಿಗಳೆಂದು ಬರೆದುಕೊಂಡರೆ ಆಶ್ಚರ್ಯವೇನು?

ಸಂಶಯವನ್ನು ಕಳೆಯುವ ಉಪಾಯವೆಂದರೆ ಹುಳುವನ್ನು ಸಾಕಿ ನೋಡುವುದು. ಈ ಕೆಲಸವನ್ನು ನಮ್ಮ ನಾಡಿನಲ್ಲಿಯೇ ಶ್ರದ್ಧೆಯಿಂದ ಮಾಡಿದವನು ಕಾರವಾರದಲ್ಲಿ ನೆಲಸಿದ್ದ ಅರಣ್ಯಾಧಿಕಾರಿ ಟಿ. ಆರ್. ಬೆಲ್. ಎಫ್. ಬಿ. ಸ್ಕಾಟನೊಡನೆ ಆತನು ಭಾರತದ ಗಿಡುಗ-ಪತಂಗಗಳನ್ನು ಕುರಿತು ಬರೆದ ಸಂಪುಟ 1937ರಲ್ಲಿ ಪ್ರಕಟವಾಯಿತು. ನಮಗೆ ಬೇಕಾದುದು ರಂಧ್ರಗಳಿರುವ ಒಂದು ಡಬ್ಬಿ, ಸ್ವಲ್ಪ ಮಣ್ಣು, ಒಣಗಿದ ಎಲೆ, ದಿನವೂ ಹೊಸ ಸೊಪ್ಪು. ಯಾವ ಗಿಡದಿಂದ ಹುಳುವನ್ನು ತಂದೆವೆಂಬುದನ್ನು ಮೊದಲೇ ಬರೆದಿಡಬೇಕು. ಇದನ್ನು ಮರೆತರೆ ಅರ್ಧ ಸಾಕ್ಷ್ಯ ಹೋದಂತೆಯೇ.

ಏಕೆಂದರೆ ಕೋಶದಿಂದ ಹೊರಬರುವ ಪತಂಗಕ್ಕೂ ಒಬ್ಬ ಜೋಡಿಯುಂಟು. ಹಸುರು, ನಸುಗೆಂಪು, ಬಿಳುಪು ಬೆರೆತ ರೆಕ್ಕೆಗಳ ನಮ್ಮ ಪತಂಗವನ್ನು ಹೋಲುವ ಡಾಫ್ನಿಸ್ ಹೈಪೋಥೌಸ್ ಹೆಚ್ಚು ಕಪ್ಪು; ಅದರ ಮುಂದಿನ ರೆಕ್ಕೆಯ ತುದಿಯಲ್ಲಿ ಪುಟ್ಟ ಬಿಳಿಚುಕ್ಕೆಯಿದೆ. ಅದರ ಮರಿಗಳು ಕದಂಬ, ಸಿಂಕೋನಗಳಂಥ ಮರಗಳನ್ನು ಆಶ್ರಯಿಸುತ್ತವೆ. ಕಣಗಿಲೆಯಿಂದ ತಂದ ಹುಳು ನಮ್ಮದೇ ಎನ್ನಲು ಇದೂ ಒಂದು ಆಧಾರ.

ಮುಸ್ಸಂಜೆಯಲ್ಲಿ ಡಬ್ಬಿಯನ್ನು ತೆರೆದಿಟ್ಟರೆ ಪತಂಗವು ಒಡನೆಯೇ ಹಾರದು. ರೆಕ್ಕೆಗಳನ್ನು ಸ್ವಲ್ಪ ಹೊತ್ತು ನಡುಗಿಸಿ, ಎದೆಯ ಸ್ನಾಯುಗಳನ್ನು ಬಿಸಿಮಾಡಿಕೊಂಡು, ಆಮೇಲೆ ನೆಟ್ಟಗೆ ಕತ್ತಲೆಗೆ ಏರುವುದು.