ತೋಟಾ ನೀವೇ ತುಂಬಬೇಡಿ

ಕಾಡುಹಂದಿ ಒಂದೇ ರಾತ್ರಿಗೆ ಗೋವಿನಜೋಳದ ಹೊಲ ಹಾಳುಗೆಡವಿದರೆ ಹುನಗುಂದ, ಬಾದಾಮಿ ಕಡೆಯ ರೈತನಿಗೆ ಹೊಟ್ಟೆ ಉರಿಯುವುದು ಸಹಜ. ಬೆಳೆ ರಕ್ಷಣೆಯ ಬಂದೂಕು ಮನೆಯಲ್ಲಿದ್ದರಂತೂ, ಅಮೆರಿಕದವರ ವಿಡಿಯೊ ನೋಡಿ ‘ತೋಟಾ ನಾವೇ ತುಂಬಿಕೊಂಡರೆ ಅಗ್ಗವಲ್ಲವೇ?’ ಎಂದು ಹೊಸಬರಿಗೆ ಅನ್ನಿಸೀತು. ಆ ಗೊಡವೆ ಬೇಡ.

ಮೊದಲನೆಯದು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಮದ್ದುಗುಂಡು ತಯಾರಿಕೆಗೆ ಬೇರೆಯೇ ಲೈಸೆನ್ಸ್ ಬೇಕು. ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್ ಅದಕ್ಕೆ ಸಾಲದು. ಅದು ಬೇಟೆಗೆ ಪರವಾನಗಿಯೂ ಅಲ್ಲ. ಆಯುಧ ಒಪ್ಪಿಸಲಾರೆವೆಂದು 1857ರಲ್ಲಿ ಸೆಟೆದು ನಿಂತ ಹಲಗಲಿಯ ಬೇಡರು ನಮ್ಮ ಬಾಗಲಕೋಟೆ ಜಿಲ್ಲೆಯವರೇ, ಹೆಮ್ಮೆ ಇರಲಿ. ಅವರು ಎದುರಿಸಿದ್ದು ಪರರ ಆಳ್ವಿಕೆಯನ್ನು. ಇಂದಿನ ಕಾಯ್ದೆ ಮೀರಲು ಅವರ ಹೆಸರು ನೆಪವಾಗಬಾರದು.

ಎರಡನೆಯದು ಜೀವ. ಕರಿಮದ್ದು ಬೇರೆ, ಹೊಗೆರಹಿತ ಮದ್ದು ಬೇರೆ. ಕರಿಮದ್ದಿಗೆಂದು ಮಾಡಿದ ಹಳೆಯ ನಳಿಗೆಗೆ ಇನ್ನೊಂದನ್ನು ತುಂಬಿದರೆ ಒತ್ತಡ ತಾಳದೆ ಅದು ಮುಖದ ಮುಂದೆಯೇ ಸಿಡಿಯಬಹುದು. ಅಳತೆ ತುಸು ತಪ್ಪಿದರೂ ಅದೇ ಗತಿ.

ಹಾಗಾದರೆ ಮಾಡಬೇಕಾದ್ದೇನು? ತೋಟಾವನ್ನು ಲೈಸೆನ್ಸ್ ಇರುವ ಅಂಗಡಿಯಲ್ಲೇ ಕೊಳ್ಳಿ, ರಸೀದಿ ಇಟ್ಟುಕೊಳ್ಳಿ. ಬಂದೂಕು, ತೋಟಾ ಎರಡನ್ನೂ ಬೇರೆಬೇರೆ ಕಡೆ ಬೀಗ ಹಾಕಿಡಿ. ಕುದುರೆ ಎಳೆದರೂ ಗುಂಡು ಹಾರದಿದ್ದರೆ ನಳಿಗೆಯ ಬಾಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು, ಕನಿಷ್ಠ 30 ಸೆಕೆಂಡು ಕಾದು, ಆಮೇಲೆ ತೆರೆಯಿರಿ. ಚುನಾವಣೆ ವೇಳೆ ಬಂದೂಕನ್ನು ಠಾಣೆಗೆ ಒಪ್ಪಿಸಿದರೆ ಸ್ವೀಕೃತಿ ಪಡೆಯಿರಿ.

ಗುರಿ ಹಿಡಿಯುವ ಹುಚ್ಚಿರುವ ಬಾಗಲಕೋಟೆ, ಇಳಕಲ್ಲಿನ ಹುಡುಗ ಹುಡುಗಿಯರು 10 ಮೀಟರ್ ಏರ್ ರೈಫಲ್‌ನಿಂದ, ಅದೂ ತರಬೇತುದಾರರ ಕಣ್ಣೆದುರು, ಶುರುಮಾಡಲಿ. ಅಭಿನವ್ ಬಿಂದ್ರಾ 2008ರಲ್ಲಿ ಒಲಿಂಪಿಕ್ ಚಿನ್ನ ಗೆದ್ದದ್ದು ಅದರಲ್ಲೇ. ಅದಕ್ಕೆ ಮದ್ದೇ ಬೇಕಿಲ್ಲ.