ಹಿಮ ನೋಡಲು ಹೊರಟವರೇ, ಹಿಂದಿರುಗುವ ಮಾತು ಮೊದಲಾಡಿ

ದೀಪಾವಳಿ ಕಳೆಯಿತೆಂದರೆ ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಮಕ್ಕಳ ಬಾಯಲ್ಲಿ ಮನಾಲಿ, ಗುಲ್ಮಾರ್ಗ್, ಔಲಿ ಎನ್ನುವ ಹೆಸರುಗಳು ಓಡಾಡತೊಡಗುತ್ತವೆ. ಹೊಸದಾಗಿ ಮದುವೆಯಾದವರು, ಕಾಲೇಜಿನ ಗೆಳೆಯರು, ಅಪ್ಪ ಅಮ್ಮನನ್ನೂ ಜೊತೆಗೆ ಕರೆದೊಯ್ಯುವವರು, ಎಲ್ಲರಿಗೂ ಒಮ್ಮೆ ಹಿಮ ಮುಟ್ಟಬೇಕು. ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಹಿಮವೇ ಬೀಳದ ನಾಡಿನಲ್ಲಿ ಹುಟ್ಟಿ, ಸ್ಕೀಯಿಂಗ್‌ನಲ್ಲಿ ದೇಶವನ್ನು ಪ್ರತಿನಿಧಿಸಿದ್ದಾರೆ. ನೀವೂ ಹೋಗಿ ನಾಲ್ಕು ಸಲ ಬಿದ್ದು ಎದ್ದು ಬನ್ನಿ. ನನ್ನ ಕಿವಿಮಾತು ಒಂದೇ: ಟಿಕೆಟ್ ಮಾಡಿಸುವ ಮೊದಲು, ಏನಾದರೆ ವಾಪಸ್ ಬರುತ್ತೇವೆ ಎಂಬುದನ್ನು ಮನೆಯಲ್ಲೇ ಕೂತು ತೀರ್ಮಾನಿಸಿಕೊಳ್ಳಿ.

ನೀವು ದಿನ ಗೊತ್ತುಮಾಡುವುದು ರಜೆ ನೋಡಿ. ಆದರೆ ಅಲ್ಲಿ ಚಳಿಗಾಲದ ಹಿಮ ಬೀಳುವುದು ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರುವ ಪಶ್ಚಿಮದ ಮಾರುತಗಳ ಏರಿಳಿತದಿಂದ. ಅವು ಬಲವಾಗಿ ಬಂದ ವರ್ಷ ಹಿಮ, ಬಾರದ ವರ್ಷ ಬರೀ ಒಣಚಳಿ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ 40 ದಿನ ಕಡುಚಳಿಯ ಕಾಲ. ಅವರು ಅದನ್ನು ಚಿಲ್ಲಾಯ್ ಕಲಾನ್ ಎನ್ನುತ್ತಾರೆ. ಅಂಥ ಕಾಲದಲ್ಲೇ, 2024ರ ಜನವರಿಯಲ್ಲಿ, ಗುಲ್ಮಾರ್ಗ್‌ನ ಇಳಿಜಾರುಗಳು ವಾರಗಟ್ಟಲೆ ಒಣಹುಲ್ಲಿನ ಬಣ್ಣದಲ್ಲಿದ್ದವು. 2025ರ ಫೆಬ್ರುವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಹಿಮ ಸಾಲದೆಂದು ಮಾರ್ಚ್‌ಗೆ ಮುಂದೂಡಿದರು. ಸರ್ಕಾರದ ಕೂಟವೇ ಹಿಮಕ್ಕಾಗಿ ಕಾದು ಕೂತಿರುವಾಗ, ನಿಮ್ಮ ಐದು ದಿನದ ಪ್ಯಾಕೇಜ್‌ಗೆ ಹಿಮ ಗ್ಯಾರಂಟಿ ಎಂದು ಯಾರಾದರೂ ಹೇಳಿದರೆ, ತೋರಿಸುತ್ತಿರುವ ಫೋಟೊ ಯಾವ ವರ್ಷದ್ದು ಎಂದು ಕೇಳಿ.

ಹಿಮ ಹೆಚ್ಚಾದಾಗಿನ ಪಾಡು ಬೇರೆ. 2024ರ ಡಿಸೆಂಬರ್ ಕೊನೆಯ ವಾರ ಮನಾಲಿ ಹತ್ತಿರದ ಸೋಲಂಗ್‌ನಲ್ಲಿ ಏಕಾಏಕಿ ಹಿಮ ಸುರಿದು, ಸಾವಿರಾರು ಪ್ರವಾಸಿಗರು ವಾಹನಗಳಲ್ಲೇ ಸಿಕ್ಕಿಹಾಕಿಕೊಂಡರು. ಪೊಲೀಸರು ರಾತ್ರಿಯೆಲ್ಲ ಅವರನ್ನು ಇಳಿಸಬೇಕಾಯಿತು. ಹಿಮ ಬಿದ್ದ ರಸ್ತೆಯಲ್ಲಿ ರಾತ್ರಿ ನೀರು ಹೆಪ್ಪುಗಟ್ಟಿ ಗಾಜಿನಂತಾಗುತ್ತದೆ. ಕುಣಿಗಲ್ ರಸ್ತೆಯಲ್ಲಿ ಚೆನ್ನಾಗಿ ಗಾಡಿ ಓಡಿಸುತ್ತೇನೆಂಬ ಧೈರ್ಯ ಅಲ್ಲಿ ಕೆಲಸಕ್ಕೆ ಬಾರದು. ಸ್ಟೀರಿಂಗ್ ಆ ಊರಿನ ಡ್ರೈವರ್ ಕೈಯಲ್ಲಿರಲಿ. ಅವನು ಬೇಡವೆಂದ ಮೇಲೆ ಹೆಚ್ಚು ದುಡ್ಡಿನ ಆಸೆ ತೋರಿಸಿ ಅವನನ್ನು ಹೊರಡಿಸಬೇಡಿ.

ಮುನ್ಸೂಚನೆ ನೋಡುವ ಕ್ರಮವನ್ನೂ ಹೇಳುತ್ತೇನೆ, ಕೇಳಿ. ಫೋನಿನ ಆ್ಯಪ್‌ನಲ್ಲಿ ಕಾಣುವುದು ಸಾಮಾನ್ಯವಾಗಿ ಕೆಳಗಿನ ಪಟ್ಟಣದ ಹವೆ. ನೀವು ಹೋಗುವುದು ಮೇಲಕ್ಕೆ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ತಾಪ ಇಳಿಯುತ್ತದೆ. ದೇವರಾಯನದುರ್ಗದ ಮೇಲೆ ತುಮಕೂರಿಗಿಂತ ಎರಡು ಡಿಗ್ರಿಯಷ್ಟು ತಂಪಿರುವುದು ಇದೇ ಲೆಕ್ಕದಲ್ಲಿ. ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಕೇಬಲ್ ಕಾರ್, ಅಂದರೆ ಗೊಂಡೋಲಾದ ಎರಡನೇ ಹಂತ ನಿಮ್ಮನ್ನು ಅಫರ್ವತ್ ಬೆಟ್ಟದಲ್ಲಿ 3,900 ಮೀಟರ್ ದಾಟಿಸಿ ಬಿಡುತ್ತದೆ. ಕೆಳಗೆ ನಾಲ್ಕು ಡಿಗ್ರಿಯಲ್ಲಿ ಜಡಿಮಳೆ ಹಿಡಿದಿದ್ದರೆ, ಮೇಲೆ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಹಿಮ ಸುರಿಯುತ್ತಿರುತ್ತದೆ. ಗಾಳಿಯ ವೇಗವನ್ನೂ ನೋಡಿ. ಗಾಳಿ ಜೋರಾದರೆ ಮೊದಲು ನಿಲ್ಲುವುದು ಮೇಲಿನ ಹಂತವೇ.

ಶ್ರೀನಗರ, ಶಿಮ್ಲಾ, ಡೆಹ್ರಾಡೂನ್‌ಗಳ ಹವಾಮಾನ ಕೇಂದ್ರಗಳು ಜಿಲ್ಲಾವಾರು ಎಚ್ಚರಿಕೆ ಕೊಡುತ್ತವೆ. ಯೆಲ್ಲೊ ಅಂದರೆ ಗಮನವಿಡಿ, ಆರೆಂಜ್ ಅಂದರೆ ಸಿದ್ಧವಾಗಿರಿ, ರೆಡ್ ಅಂದರೆ ತಡಮಾಡದೆ ಕ್ರಮ ಕೈಗೊಳ್ಳಿ. ಇಲ್ಲಿ ರೆಡ್ ಅಲರ್ಟ್ ಎಂದರೆ ಶಾಲೆಗೆ ರಜಾ ಎಂದು ಖುಷಿಪಟ್ಟ ಅಭ್ಯಾಸ ನಿಮ್ಮದು. ಅಲ್ಲಿ ಹಾಗೆ ನಗಬೇಡಿ. ಮೂರು ದಿನದೊಳಗಿನ ಮುನ್ಸೂಚನೆಯನ್ನು ನಂಬಿ. ಹತ್ತು ದಿನದಾಚೆಯದ್ದನ್ನು ಅಂದಾಜೆಂದು ಮಾತ್ರ ನೋಡಿ. ಹಿಮಕುಸಿತದ ಎಚ್ಚರಿಕೆ ಬೇರೆಯೇ ಬರುತ್ತದೆ. ರಕ್ಷಣಾ ಇಲಾಖೆಯ ಸಂಸ್ಥೆಯೊಂದು ಅದನ್ನು ಐದು ಮಟ್ಟಗಳಲ್ಲಿ ಕೊಡುತ್ತದೆ. ಹೊಸ ಹಿಮ ದಪ್ಪಗೆ ಬಿದ್ದ ಮೊದಲ ಒಂದೆರಡು ದಿನಗಳೇ ಹೆಚ್ಚು ಅಪಾಯ. ಆಕಾಶ ತೊಳೆದಂತೆ ನೀಲಿಯಾಗಿ, ಫೋಟೊಗೆ ಕೈ ತುರಿಸುವ ಹೊತ್ತೂ ಅದೇ. 2023ರ ಫೆಬ್ರುವರಿ 1ರಂದು ಅಫರ್ವತ್‌ನ ಇಳಿಜಾರಿನಲ್ಲಿ ಹಿಮ ಜಾರಿ, ಪೋಲೆಂಡ್‌ನಿಂದ ಬಂದಿದ್ದ ಇಬ್ಬರು ಸ್ಕೀ ಆಟಗಾರರು ತೀರಿಕೊಂಡರು. ಹಿಮದ ನಾಡು ಬಲ್ಲವರಿಗೇ ಹಾಗಾಯಿತು. ಹಗ್ಗ ಕಟ್ಟಿ ಗುರುತು ಮಾಡಿದ ಜಾಗ ಬಿಟ್ಟು ಆಚೆ ಹೋಗಬೇಡಿ.

ನಮ್ಮ ರಾಜ್ಯದವರ ನೋವೂ ಇದೆ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋದ ತಂಡ, ನಾಲ್ಕು ಸಾವಿರ ಮೀಟರಿಗೂ ಮೇಲೆ ಹಿಮಗಾಳಿಗೆ ಸಿಕ್ಕಿತು. 9 ಮಂದಿ ಹಿಂದಿರುಗಲಿಲ್ಲ. ಬೆಟ್ಟ ಹತ್ತಿ ಪಳಗಿದವರೂ ಅವರಲ್ಲಿದ್ದರು. ನಮಗೆ ಜೂನ್ ಎಂದರೆ ಮುಂಗಾರು, ಅಷ್ಟು ಎತ್ತರದಲ್ಲಿ ಜೂನ್‌ನಲ್ಲೂ ಹಿಮಗಾಳಿ ಬೀಸುತ್ತದೆ. ಹೋದವರ ತಪ್ಪು ಹುಡುಕುವುದು ನನ್ನ ಕೆಲಸವಲ್ಲ. ಅವರ ಮನೆಯವರ ದುಃಖವನ್ನು ನೆನೆದು, ಮೇಲೆ ಮೋಡ ಕಟ್ಟಿದಾಗ ನೀವು ಒಂದು ದಿನ ಕೆಳಗೇ ಉಳಿದರೆ ಸಾಕು.

ಹಿಂದಿರುಗುವುದು ಯಾಕೆ ಕಷ್ಟ ಎಂಬುದು ನನಗೂ ಗೊತ್ತು. ದುಡ್ಡು ಕಟ್ಟಿರುತ್ತೀರಿ. ಬೀದಿಗೆಲ್ಲ ಹೇಳಿ ಹೊರಟಿರುತ್ತೀರಿ. ಗುಂಪಿನಲ್ಲಿ ಒಬ್ಬ, ಇಷ್ಟು ದೂರ ಬಂದು ಹೀಗೇ ಹೋಗೋದಾ ಅನ್ನುತ್ತಾನೆ. ಉಳಿದವರ ಬಾಯಿ ಕಟ್ಟಿಹೋಗುತ್ತದೆ. ಆದರೆ ನೀವು ಯಾರ ಮಕ್ಕಳು? ಹದ ಮಳೆ ಬಾರದೆ ರಾಗಿ ಬಿತ್ತಬಾರದೆಂದು, ಹೊಲ ಉತ್ತು ಬೀಜ ಮನೆಯಲ್ಲಿಟ್ಟುಕೊಂಡು ಮುಗಿಲು ನೋಡುತ್ತ ಕಾದವರ ಮಕ್ಕಳು. ಕಾದದ್ದಕ್ಕೆ ಊರಲ್ಲಿ ಯಾರೂ ಅವರನ್ನು ಪುಕ್ಕಲರೆನ್ನಲಿಲ್ಲ.

ಆದ್ದರಿಂದ ಹೊರಡುವ ಹಿಂದಿನ ವಾರ ಮೂರು ಕೆಲಸ ಮಾಡಿ. ಪ್ರವಾಸದಲ್ಲಿ ಒಂದು ದಿನ ಖಾಲಿ ಬಿಡಿ. ಹವೆ ಕೆಟ್ಟರೆ ಅದು ನಿಮ್ಮನ್ನು ಉಳಿಸುತ್ತದೆ, ಚೆನ್ನಾಗಿದ್ದರೆ ಪೇಟೆ ಸುತ್ತಬಹುದು. ಬುಕ್ ಮಾಡುವಾಗಲೇ, ರದ್ದಾದರೆ ಎಷ್ಟು ಹಣ ವಾಪಸ್ ಬರುತ್ತದೆಂದು ಬರವಣಿಗೆಯಲ್ಲಿ ಪಡೆಯಿರಿ. ಕೊನೆಯದಾಗಿ, ಆರೆಂಜ್ ಬಂದರೆ ಮೇಲೆ ಹೋಗುವುದಿಲ್ಲ, ಡ್ರೈವರ್ ಬೇಡವೆಂದರೆ ಹೊರಡುವುದಿಲ್ಲ, ಗುಂಪಿನಲ್ಲಿ ಒಬ್ಬರಿಗೆ ಉಸಿರು ಕಟ್ಟಿದರೂ ಎಲ್ಲರೂ ಇಳಿಯುತ್ತೇವೆ ಎಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಬರೆದು, ಎಲ್ಲರಿಂದಲೂ ಒಪ್ಪಿಗೆ ತೆಗೆದುಕೊಳ್ಳಿ. ಆ ಗುಂಪಿಗೆ ಮನೆಯ ಹಿರಿಯರೊಬ್ಬರನ್ನೂ ಸೇರಿಸಿ. ಅಲ್ಲಿ ಮಾತು ತಪ್ಪುವ ಮನಸ್ಸಾದರೆ, ಇಲ್ಲಿಂದ ಫೋನ್ ಮಾಡಿ ಬೈಯಲು ನಮಗೊಂದು ಹಕ್ಕಿರಲಿ.