ಉತ್ಪಾದಕ ಕಂಪನಿಯಲ್ಲಿ ಹೊಸ ಷೇರು ಹಂಚಿಕೆ: ಸದಸ್ಯ ರೈತರು ತಿಳಿದಿರಬೇಕಾದ ಅಂಶಗಳು

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಬೇಸಾಯವು ಬಹುಮಟ್ಟಿಗೆ ಮಳೆಯನ್ನೇ ಅವಲಂಬಿಸಿದೆ. ಮೆಕ್ಕೆಜೋಳ, ಶೇಂಗಾ, ಜೋಳ, ಈರುಳ್ಳಿ ಬೆಳೆಯುವ ಸಣ್ಣ ರೈತನು ಹತ್ತಿಪ್ಪತ್ತು ಚೀಲ ಮಾಲನ್ನು ಒಬ್ಬನೇ ಪೇಟೆಗೆ ಒಯ್ದರೆ ಬೆಲೆ ಕಟ್ಟುವವರು ಬೇರೆಯವರು. ಹಲವರು ಕೂಡಿ ಮಾರಿದರೆ ಮಾತಿಗೆ ತೂಕ ಬರುತ್ತದೆ. ಕೂಡಿ ದುಡಿಯುವ ಈ ವಿಚಾರ ನಮಗೆ ಹೊಸದಲ್ಲ. ತುಂಗಭದ್ರೆಯ ಆಚೆ, ಗದಗ ಬಳಿಯ ಕಣಗಿನಹಾಳದಲ್ಲಿ 1905ರಷ್ಟು ಹಿಂದೆಯೇ ಸಹಕಾರ ಸಂಘವು ನೋಂದಣಿಯಾಗಿತ್ತು.

ಸಹಕಾರ ಸಂಘದ ಗುಣ ಮತ್ತು ಕಂಪನಿಯ ಕಟ್ಟು ಎರಡನ್ನೂ ಕೂಡಿಸಿದ ರೂಪವೇ ಉತ್ಪಾದಕ ಕಂಪನಿ. ಕಂಪನಿ ಕಾಯಿದೆಗೆ 2002ರಲ್ಲಿ ಮಾಡಿದ ತಿದ್ದುಪಡಿಯಿಂದ ಇದಕ್ಕೆ ಅವಕಾಶವಾಯಿತು. 2020ರ ತಿದ್ದುಪಡಿಯ ನಂತರ ಇದರ ನಿಯಮಗಳು 2013ರ ಕಾಯಿದೆಯ 21-ಎ ಅಧ್ಯಾಯದಲ್ಲಿವೆ. ಹತ್ತು ಅಥವಾ ಹೆಚ್ಚು ಉತ್ಪಾದಕರು ಸೇರಿ ಇಂತಹ ಕಂಪನಿ ಸ್ಥಾಪಿಸಬಹುದು. ಉತ್ಪಾದಕರಲ್ಲದವರಿಗೆ ಇದರಲ್ಲಿ ಸದಸ್ಯತ್ವವಿಲ್ಲ.

ಕಂಪನಿ ಬೆಳೆದಂತೆ ಒಣಗಿಸುವ ಕಣ, ಗೋದಾಮು, ಕಾಳು ಹಸನು ಮಾಡುವ ಯಂತ್ರ ಬೇಕಾಗುತ್ತವೆ. ಆಗ ಬಂಡವಾಳಕ್ಕಾಗಿ ಹೊಸ ಷೇರು ಹೊರಡಿಸಲಾಗುತ್ತದೆ. ಅನೇಕ ರೈತರು ಇದನ್ನು ಕೇವಲ ಚಂದಾ ಎತ್ತುವ ಕೆಲಸವೆಂದು ತಿಳಿಯುತ್ತಾರೆ. ಹಾಗಲ್ಲ. ಕಂಪನಿಯಲ್ಲಿ ಯಾರ ಪಾಲು ಎಷ್ಟು ಎಂಬುದೇ ಇದರಿಂದ ಬದಲಾಗುತ್ತದೆ.

ಒಂದು ಲೆಕ್ಕ

ಒಂದು ಕಂಪನಿಯಲ್ಲಿ 400 ಸದಸ್ಯರಿದ್ದಾರೆಂದು ಭಾವಿಸೋಣ. ಪ್ರತಿಯೊಬ್ಬರದೂ 10 ರೂಪಾಯಿಯ 100 ಷೇರು. ಒಟ್ಟು 40,000 ಷೇರು, 4 ಲಕ್ಷ ರೂಪಾಯಿ ಬಂಡವಾಳ. ಈಗ ಪ್ರತಿ ಹಳೆಯ ಷೇರಿಗೆ ಒಂದು ಹೊಸ ಷೇರು ಕೊಡಲು ಮಂಡಳಿ ತೀರ್ಮಾನಿಸುತ್ತದೆ. 200 ಜನ ತಲಾ 1,000 ರೂಪಾಯಿ ಕಟ್ಟುತ್ತಾರೆ. ಉಳಿದ 200 ಜನರಿಗೆ ಆಗುವುದಿಲ್ಲ. ಒಟ್ಟು ಷೇರು 60,000 ಆಗುತ್ತದೆ. ಕಟ್ಟಿದವರ ಕೈಯಲ್ಲಿ 40,000, ಕಟ್ಟದವರ ಕೈಯಲ್ಲಿ 20,000. ನಿನ್ನೆ ಅರ್ಧ ಪಾಲಿದ್ದವರದು ಇಂದು ಮೂರರಲ್ಲಿ ಒಂದು ಪಾಲು.

ವ್ಯಕ್ತಿಗಳೇ ಸದಸ್ಯರಾಗಿರುವ ಉತ್ಪಾದಕ ಕಂಪನಿಯಲ್ಲಿ ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಆದ್ದರಿಂದ ಮತದ ಬಲ ಕುಗ್ಗುವುದಿಲ್ಲ. ಆದರೆ ಷೇರಿನ ಮೇಲಿನ ಮಿತ ಪ್ರತಿಫಲ ಮತ್ತು ಮೀಸಲು ನಿಧಿಯಿಂದ ಕೊಡುವ ಬೋನಸ್ ಷೇರು, ಇವೆರಡೂ ಷೇರಿನ ಲೆಕ್ಕದಲ್ಲಿಯೇ ಹೋಗುತ್ತವೆ.

ಮಾಲಿನಿಂದಲೇ ಷೇರು

ಸದಸ್ಯರ ಷೇರುಗಳು ಸಾಧ್ಯವಾದಷ್ಟೂ ಅವರು ಕಂಪನಿಯೊಡನೆ ನಡೆಸುವ ವ್ಯವಹಾರಕ್ಕೆ ಅನುಗುಣವಾಗಿರಬೇಕೆಂಬುದು ಕಾಯಿದೆಯ ಆಶಯ. ನಗದು ಇಲ್ಲದ ರೈತನಿಗೆ ಇಲ್ಲಿ ಒಂದು ದಾರಿಯಿದೆ. ಸದಸ್ಯನು ತಂದ ಮಾಲಿನ ಬೆಲೆಯಲ್ಲಿ ಸ್ವಲ್ಪ ಭಾಗವನ್ನು ಕಂಪನಿಯು ತಡೆಹಿಡಿದು, ನಂತರ ನಗದಾಗಿ, ವಸ್ತುವಾಗಿ ಅಥವಾ ಷೇರಾಗಿ ಕೊಡಬಹುದು. ಮೇಲಿನ ಉದಾಹರಣೆಯಲ್ಲಿ 20 ಕ್ವಿಂಟಾಲ್ ಮೆಕ್ಕೆಜೋಳ ತಂದವನಿಂದ ಕ್ವಿಂಟಾಲಿಗೆ 50 ರೂಪಾಯಿಯಂತೆ ತಡೆಹಿಡಿದರೆ 1,000 ರೂಪಾಯಿ, ಅಂದರೆ 100 ಷೇರು. ಈ ಕ್ರಮವನ್ನು ಮಾಲು ತೂಗುವ ಮೊದಲೇ ಸದಸ್ಯರಿಗೆ ತಿಳಿಸಿ, ತೂಕದ ಚೀಟಿಯಲ್ಲಿ ತಡೆಹಿಡಿದ ಮೊತ್ತವನ್ನು ಕಾಣಿಸಬೇಕು.

ಹಣ ಕೇಳುವ ಕಾಲವೂ ಮುಖ್ಯ. ಬೀಜ, ಗೊಬ್ಬರಕ್ಕೆ ಹಣ ಸುರಿದ ಮುಂಗಾರಿನಲ್ಲಿ ಷೇರು ಹೊರಡಿಸಿದರೆ ಸಣ್ಣ ರೈತನೇ ಹೊರಗುಳಿಯುತ್ತಾನೆ. ಸುಗ್ಗಿ ಮುಗಿದು ಮಾಲು ಮಾರಿದ ಮೇಲೆ ಹೊರಡಿಸುವುದು ಸೂಕ್ತ.

ಅನುಸರಿಸಬೇಕಾದ ಕ್ರಮಗಳು

1. ಅಧಿಕೃತ ಬಂಡವಾಳದ ಮಿತಿಯೊಳಗೆ ಹೊಸ ಷೇರಿಗೆ ಜಾಗವಿದೆಯೇ ನೋಡಬೇಕು. ಇಲ್ಲದಿದ್ದರೆ ಸರ್ವಸದಸ್ಯರ ಸಭೆಯಲ್ಲಿ ಮಿತಿ ಹೆಚ್ಚಿಸಬೇಕು.

2. ಹೊಸ ಷೇರನ್ನು ಮೊದಲು ಈಗಿನ ಸದಸ್ಯರಿಗೆ ಅವರವರ ಷೇರಿನ ಪ್ರಮಾಣದಲ್ಲಿ ಪತ್ರದ ಮೂಲಕ ನೀಡಬೇಕು. ಒಪ್ಪಿಗೆ ತಿಳಿಸಲು ಹೆಚ್ಚೆಂದರೆ 30 ದಿನ ಕೊಡಬಹುದು. ಹಳ್ಳಿಯ ಸದಸ್ಯರಿಗೆ ಪೂರ್ಣ 30 ದಿನ ಕೊಡುವುದೇ ಒಳ್ಳೆಯದು.

3. ಈ ಕ್ರಮ ಬಿಟ್ಟು ಹೊಸಬರಿಗೆ ಷೇರು ಕೊಡಬೇಕಾದರೆ ವಿಶೇಷ ನಿರ್ಣಯ ಬೇಕು. ಅಂದರೆ ಪರವಾದ ಮತಗಳು ವಿರೋಧದ ಮತಗಳ ಮೂರು ಪಟ್ಟಿಗಿಂತ ಕಡಿಮೆಯಿರಬಾರದು.

4. ಹಣವನ್ನು ಬ್ಯಾಂಕಿನ ಮೂಲಕವೇ ಕಟ್ಟಬೇಕು. ಷೇರನ್ನು ಮುಖಬೆಲೆಗಿಂತ ಕಡಿಮೆಗೆ ಕೊಡುವಂತಿಲ್ಲ.

5. ಹಣ ಬಂದ 60 ದಿನಗಳೊಳಗೆ ಮಂಡಳಿಯು ನಿರ್ಣಯ ಮಾಡಿ ಷೇರು ಹಂಚಬೇಕು. ಹಂಚದಿದ್ದರೆ ಮುಂದಿನ 15 ದಿನಗಳಲ್ಲಿ ಹಣ ಹಿಂದಿರುಗಿಸಬೇಕು.

6. ಹಂಚಿಕೆಯ ವಿವರವನ್ನು ಪಿಎಎಸ್-3 ನಮೂನೆಯಲ್ಲಿ 30 ದಿನಗಳೊಳಗೆ ಕಂಪನಿಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಆಯ್ದ ಹೊಸಬರಿಗೆ ಖಾಸಗಿಯಾಗಿ ಹಂಚಿದ್ದರೆ ಈ ಅವಧಿ 15 ದಿನ.

7. ಸದಸ್ಯರ ರಿಜಿಸ್ಟರಿನಲ್ಲಿ ಹೆಸರು ಬರೆದು, ಹಂಚಿಕೆಯಾದ ಎರಡು ತಿಂಗಳೊಳಗೆ ಷೇರು ಪತ್ರ ಕೊಡಬೇಕು.

ರಸೀದಿ ಷೇರಲ್ಲ

ಹಣ ಕಟ್ಟಿದ ರಸೀದಿಯನ್ನೇ ಷೇರೆಂದು ತಿಳಿದು ಪೆಟ್ಟಿಗೆಯಲ್ಲಿಟ್ಟು ಮರೆಯಬಾರದು. ಮಂಡಳಿ ಹಂಚಿಕೆ ಮಾಡುವವರೆಗೆ ಅದು ಕೇವಲ ಅರ್ಜಿಯ ಹಣ. ಬಂಡವಾಳದ ಲೆಕ್ಕಕ್ಕೆ ಅದು ಬರುವುದಿಲ್ಲ. ಇದು ಕಂಪನಿಗೂ ನಷ್ಟ. 2020ರಲ್ಲಿ ಆರಂಭವಾದ ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳ ಕೇಂದ್ರ ಯೋಜನೆಯಲ್ಲಿ, ಸದಸ್ಯರ ಬಂಡವಾಳಕ್ಕೆ ಸರಿಸಮನಾಗಿ ಸದಸ್ಯನೊಬ್ಬನಿಗೆ 2,000 ರೂಪಾಯಿವರೆಗೆ, ಒಂದು ಸಂಸ್ಥೆಗೆ 15 ಲಕ್ಷ ಮೀರದಂತೆ, ಅನುದಾನವನ್ನು ಗೊತ್ತುಪಡಿಸಲಾಯಿತು. ಲೆಕ್ಕಕ್ಕೆ ಬಾರದ ಹಣಕ್ಕೆ ಸರಿಸಮ ಅನುದಾನ ಎಲ್ಲಿಂದ ಬರಬೇಕು?

ಸದಸ್ಯನಾದ ಮೂರು ತಿಂಗಳೊಳಗೆ ನಾಮಿನಿಯ ಹೆಸರನ್ನೂ ಬರೆಸಬೇಕು. ಇಲ್ಲದಿದ್ದರೆ ಮನೆಯವರು ಮುಂದೆ ಅಲೆಯಬೇಕಾದೀತು.

ಆದ್ದರಿಂದ ರೈತ ಬಾಂಧವರು ಹೊಸ ಷೇರಿಗೆ ಹಣ ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಬೇಕು: ಹಣ ಯಾವ ಕೆಲಸಕ್ಕೆ? ಎಲ್ಲ ಸದಸ್ಯರಿಗೂ ಪತ್ರ ಮುಟ್ಟಿದೆಯೇ? ಹಂಚಿಕೆ ಯಾವ ದಿನ? ಮಾಲಿನ ಬೆಲೆಯಿಂದ ಷೇರು ಪಡೆಯಲು ಅವಕಾಶವಿದೆಯೇ? ಮಂಡಳಿಯವರು ಈ ಪ್ರಶ್ನೆಗಳಿಗೆ ಬೇಸರಪಡಬಾರದು. ಕೇಳುವ ಸದಸ್ಯರಿದ್ದರೆ ಕಂಪನಿಯ ಲೆಕ್ಕ ಸರಿಯಾಗಿರುತ್ತದೆ. ಲೆಕ್ಕ ಸರಿಯಾಗಿದ್ದರೆ ಮುಂದಿನ ಸುಗ್ಗಿಗೆ ಮಾಲು ತರುವವರೂ ಹೆಚ್ಚುತ್ತಾರೆ.